ಹೊಟ್ಟೆ ಒಳಕ್ಕೆಳೆದುಕೊಳ್ಳುವ ಕನ್ನಡಿ

ನಲವತ್ತು ದಾಟಿದವರಿಗೆಲ್ಲ ಒಂದಲ್ಲ ಒಂದು ದಿನ ಪತ್ರಿಕೆಯನ್ನು ತೋಳಿನಷ್ಟು ದೂರ ಹಿಡಿದು ಓದಬೇಕಾಗಿ ಬರುತ್ತದೆ. ತೋಳಿನ ಉದ್ದ ಸಾಲದಾದಾಗ ಕನ್ನಡಕದ ಅಂಗಡಿಗೆ ಹೋಗಲೇಬೇಕು. ಈ ತೊಂದರೆಗೆ ನಮ್ಮ ಕಡೆ ಚಾಳೀಸು ಎಂದು ಹೆಸರು. ಹಿಂದಿಯಲ್ಲಿ ನಲವತ್ತು ಎನ್ನುವ ಸಂಖ್ಯೆ ನಮ್ಮಲ್ಲಿಗೆ ಬಂದು ಕನ್ನಡಕವಾಗಿ ಮೂಗಿನ ಮೇಲೆ ಕೂತಿದೆ. ಎಳೆಯ ವಯಸ್ಸಿನಲ್ಲಿ ಕಣ್ಣಿನೊಳಗಿನ ಮಸೂರ ಮೆತ್ತಗಿರುತ್ತದೆ. ಸುತ್ತಲಿನ ಸ್ನಾಯು ಬಿಗಿಯಾದರೆ ಅದು ಉಬ್ಬುತ್ತದೆ, ಹತ್ತಿರದ ಅಕ್ಷರ ಕಾಣುತ್ತದೆ. ಸ್ನಾಯು ಸಡಿಲವಾದರೆ ಚಪ್ಪಟೆಯಾಗುತ್ತದೆ, ದೂರದ ಬಸ್ಸಿನ ಬೋರ್ಡು ಕಾಣುತ್ತದೆ. ವಯಸ್ಸಾದಂತೆ ಮಸೂರ ಗಡುಸಾಗಿ, ಸ್ನಾಯು ಎಷ್ಟು ಹೆಣಗಿದರೂ ಮಾತು ಕೇಳುವುದಿಲ್ಲ.

ಮನುಷ್ಯ ಮಾಡಿದ ಕ್ಯಾಮೆರಾ, ದುರ್ಬೀನು, ಸೂಕ್ಷ್ಮದರ್ಶಕಗಳು ಒಂದರ್ಥದಲ್ಲಿ ಹುಟ್ಟುವಾಗಲೇ ಚಾಳೀಸು ಬಂದವು. ಗಾಜು ಬಾಗುವುದಿಲ್ಲ. ಆದ್ದರಿಂದ ಅದನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಟವನ್ನು ಹೊಂದಿಸಿಕೊಳ್ಳುತ್ತಾರೆ. ಕಣ್ಣಿನ ಹಾಗೆ ಆಕಾರವನ್ನೇ ಬದಲಿಸಿಕೊಳ್ಳುವ ಉಪಕರಣ ಬಹುಕಾಲ ಬರೀ ಆಸೆಯಾಗಿಯೇ ಉಳಿಯಿತು. ಆ ಆಸೆ ಕೈಗೂಡಿದ ಒಂದು ದಾರಿ ಮಸೂರದ್ದಲ್ಲ, ಕನ್ನಡಿಯದು. ಅದೂ ಒಂದು ಸಾಸಿವೆ ಕಾಳಿನಷ್ಟೇ ಅಗಲದ ಕನ್ನಡಿಯದು.

ಕನ್ನಡಿಯ ಗುಣ ಅದರ ಬಾಗಿನಲ್ಲಿದೆ. ಮದ್ದೂರು ನಿಲ್ದಾಣದಿಂದ ಹೊರಡುವ ಬಸ್ಸಿನ ಪಕ್ಕದಲ್ಲಿ ನೇತಾಡುವ ಕನ್ನಡಿ ಹೊರಕ್ಕೆ ಉಬ್ಬಿದ್ದು. ಅದರಲ್ಲಿ ಹಿಂದಿನ ರಸ್ತೆಯೆಲ್ಲ ಅಡಗುತ್ತದೆ, ವಾಹನಗಳು ಮಾತ್ರ ಪುಟ್ಟದಾಗಿ ಕಾಣುತ್ತವೆ. ಶಾಲೆಯ ಪುಸ್ತಕದಲ್ಲಿ ಇದು ಪೀನ ದರ್ಪಣ. ಗಡ್ಡ ಹೆರೆಯಲು ಮುಖ ದೊಡ್ಡದಾಗಿ ತೋರಿಸುವ ಕನ್ನಡಿ ಒಳಕ್ಕೆ ಕುಗ್ಗಿದ್ದು, ನಿಮ್ನ ದರ್ಪಣ. ಇದು ತನ್ನ ಮೇಲೆ ಬಿದ್ದ ಬೆಳಕನ್ನು ಒಂದೆಡೆಗೆ ತಂದು ಕೂಡಿಸುತ್ತದೆ. ಹಾಗೆ ಕೂಡುವ ಜಾಗಕ್ಕೆ ನಮ್ಮ ಪಠ್ಯಪುಸ್ತಕ ಬರೆದವರು ‘ಸಂಗಮ’ ಎಂದು ಹೆಸರಿಟ್ಟರು. ಮದ್ದೂರಿನ ಪಕ್ಕ ಹರಿಯುವ ಶಿಂಷೆ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯನ್ನು ಕೂಡುವ ಹಾಗೆ ಕಿರಣಗಳೂ ಒಂದು ಕಡೆ ಕೂಡುತ್ತವೆ. ಎಷ್ಟು ಒಳ್ಳೆಯ ಪದ! ಕನ್ನಡಿಯಿಂದ ಆ ಜಾಗಕ್ಕೆ ಇರುವ ಅಂತರ ಸಂಗಮದೂರ. ಕನ್ನಡಿ ಹೆಚ್ಚು ಕುಗ್ಗಿದಷ್ಟೂ ಸಂಗಮ ಹತ್ತಿರ ಬರುತ್ತದೆ. ಸಾಮಾನ್ಯ ಕನ್ನಡಿಗೆ ಹುಟ್ಟಿನಿಂದ ಬಂದ ಬಾಗು ಒಂದೇ, ಸಂಗಮದೂರವೂ ಒಂದೇ.

ಈಗ ಒಂದು ಚಿಕ್ಕ ಲೆಕ್ಕ. 1 ಮಿಲಿಮೀಟರ್ ಅಗಲದ ಚಪ್ಪಟೆ ಕನ್ನಡಿಯೊಂದಿದೆ ಎನ್ನಿ. ಅದರ ನಡುಭಾಗವನ್ನು ಮಿಲಿಮೀಟರಿನ ಸಾವಿರದ 2 ಭಾಗದಷ್ಟು, ಅಂದರೆ ನಮ್ಮ ತಲೆಗೂದಲಿನ ದಪ್ಪದಲ್ಲಿ ಮೂವತ್ತೈದನೆಯ ಒಂದು ಪಾಲಿನಷ್ಟು, ಒಳಕ್ಕೆ ಎಳೆದರೆ ಸಾಕು. ಎಲ್ಲೋ ಅನಂತದಲ್ಲಿದ್ದ ಸಂಗಮ 31 ಮಿಲಿಮೀಟರ್ ಹತ್ತಿರಕ್ಕೆ ಬಂದುಬಿಡುತ್ತದೆ. ದೊಡ್ಡ ಕನ್ನಡಿಯನ್ನು ಬಾಗಿಸಲು ಬಲ ಬೇಕು, ಯಂತ್ರ ಬೇಕು. ಪುಟ್ಟ ಕನ್ನಡಿಗೆ ಇಷ್ಟು ಸಣ್ಣ ಜಗ್ಗು ಸಾಕು. ಚಿಕ್ಕದಾಗುವುದರಲ್ಲಿ ಲಾಭವಿದೆ ಎಂಬುದು ಇಲ್ಲಿನ ಗುಟ್ಟು.

ಜಗ್ಗುವುದು ಹೇಗೆ? ಮಂಡ್ಯ, ಮಳವಳ್ಳಿ ಕಡೆಯ ಜಾತ್ರೆಗಳಲ್ಲಿ ತಮಟೆ ಬಡಿಯುವವರನ್ನು ನೋಡಿದವರಿಗೆ ಇದು ಅರ್ಧ ಗೊತ್ತು. ಕುಣಿತ ಶುರುವಾಗುವ ಮುಂಚೆ ಅವರು ಹುಲ್ಲೋ ಸೌದೆಯೋ ಹಚ್ಚಿ ತಮಟೆಯ ಚರ್ಮವನ್ನು ಬೆಂಕಿಗೆ ಹಿಡಿಯುತ್ತಾರೆ. ಚರ್ಮ ಒಣಗಿ ಬಿಗಿಯಾಗುತ್ತದೆ, ಸುಕ್ಕು ಹೋಗುತ್ತದೆ, ನಾದ ಏರುತ್ತದೆ. ಬಳೆಗೆ ಎಲ್ಲ ಕಡೆಯಿಂದಲೂ ಒಂದೇ ಸಮನೆ ಬಿಗಿದ ಇಂಥ ಪೊರೆಯನ್ನು ಒಂದೇ ಸಮನಾದ ಬಲದಿಂದ ಒಳಕ್ಕೆ ಎಳೆದರೆ ಅದು ತಾನಾಗಿ ಹಿಡಿಯುವ ಆಕಾರ ಬೆಳಕನ್ನು ಕೂಡಿಸಲು ಬೇಕಾದ ಆಕಾರವೇ. ಸಾಣೆ ಹಿಡಿದು ತಿಂಗಳುಗಟ್ಟಲೆ ಗಾಜು ತಿಕ್ಕುವ ಕೆಲಸವನ್ನು ಬಿಗಿದ ಪೊರೆ ಕ್ಷಣದಲ್ಲಿ ಮಾಡಿಕೊಡುತ್ತದೆ. ಬಿಗಿ ಸಡಿಲಿದರೆ ಮಾತ್ರ ತಮಟೆಯೂ ಕೆಟ್ಟಿತು, ಕನ್ನಡಿಯೂ ಕೆಟ್ಟಿತು.

ಈ ಉಪಾಯವನ್ನು ಮೊದಲು ದೊಡ್ಡ ಗಾತ್ರದಲ್ಲೇ ಪ್ರಯತ್ನಿಸಿದರು. 1967ರಲ್ಲಿ ಅಮೆರಿಕದ ಅಲನ್ ಟ್ರಾಬ್ ಹೊಳಪು ಲೋಹ ಬಳಿದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು, ಅದರ ಹಿಂದೆ ಧ್ವನಿವರ್ಧಕ ಇಟ್ಟು ಅಲುಗಿಸಿದ. ಗಾಳಿ ಒತ್ತಿದಾಗ ಕನ್ನಡಿ ಉಬ್ಬುತ್ತಿತ್ತು, ಸೆಳೆದಾಗ ಕುಗ್ಗುತ್ತಿತ್ತು. ಅದರಲ್ಲಿ ಚಿತ್ರಗಳು ಆಳವುಳ್ಳವಾಗಿ ಕಾಣುತ್ತಿದ್ದವು. ಅದಕ್ಕೂ ಮುಂಚೆ, 1953ರಲ್ಲಿ, ಖಗೋಳಜ್ಞ ಹೊರೇಸ್ ಬಾಬ್‌ಕಾಕ್ ಇನ್ನೂ ದೊಡ್ಡ ಕನಸು ಕಂಡಿದ್ದ. ಗಾಳಿಯ ಕದಲಿಕೆಯಿಂದ ನಕ್ಷತ್ರ ಮಿನುಗುತ್ತದೆ. ಮಿನುಗುವುದು ಕವಿಗಳಿಗೆ ಚೆಂದ, ದೂರದರ್ಶಕದ ಮುಂದೆ ಕುಳಿತವರಿಗೆ ಕಾಟ. ಆ ಕದಲಿಕೆಗೆ ತಕ್ಕಂತೆ ಕ್ಷಣಕ್ಷಣಕ್ಕೂ ಆಕಾರ ಬದಲಿಸಿ ಅದನ್ನು ಹೊಡೆದುಹಾಕುವ ಕನ್ನಡಿ ಸಾಧ್ಯವೆಂದು ಅವನು ಬರೆದ. ಆಗ ಅದನ್ನು ಮಾಡುವ ಸಲಕರಣೆ ಯಾರ ಬಳಿಯೂ ಇರಲಿಲ್ಲ. ಮುಂದೆ ಅಮೆರಿಕದ ಸೇನೆ ಇದನ್ನು ಗುಟ್ಟಾಗಿ ಬೆಳೆಸಿತು. 1991ರಲ್ಲಷ್ಟೇ ಆ ಕೆಲಸದ ಬಹುಭಾಗ ಹೊರಜಗತ್ತಿಗೆ ತಿಳಿಯಿತು.

ಪುಟ್ಟ ಕನ್ನಡಿಯ ಕಥೆ ಬೇರೆ ದಾರಿಯಲ್ಲಿ ಬಂತು. ಅದರ ತವರು ಗಣಕಯಂತ್ರದ ಚಿಪ್ಪು ಮಾಡುವ ಕಾರ್ಖಾನೆ. ಮರಳಿನಿಂದ ತೆಗೆದು ಶುದ್ಧಿ ಮಾಡಿದ ಸಿಲಿಕಾನ್ ಎಂದರೆ ಎಲ್ಲರ ತಲೆಯಲ್ಲೂ ವಿದ್ಯುತ್ತಿನ ವಸ್ತು. 1982ರಲ್ಲಿ ಐಬಿಎಂ ಸಂಸ್ಥೆಯ ಕರ್ಟ್ ಪೀಟರ್ಸನ್ ಒಂದು ದೀರ್ಘ ಲೇಖನ ಬರೆದು, ಸಿಲಿಕಾನನ್ನು ಕಬ್ಬಿಣ, ಹಿತ್ತಾಳೆಗಳ ಹಾಗೆ ಕಟ್ಟುವ ವಸ್ತುವಾಗಿ ನೋಡಿ ಎಂದ. ಅದರ ಬಿರುಸು ಹೆಚ್ಚುಕಡಿಮೆ ಉಕ್ಕಿನಷ್ಟು, ತೂಕ ಉಕ್ಕಿನ ಮೂರನೆಯ ಒಂದು ಪಾಲಿಗಿಂತ ಕಡಿಮೆ. ಎಲ್ಲಕ್ಕಿಂತ ಮಿಗಿಲಾಗಿ, ಬಾಗಿಸಿ ಬಿಟ್ಟರೆ ಮೊದಲಿನ ಆಕಾರಕ್ಕೇ ಮರಳುತ್ತದೆ. ತಂತಿಯಂತೆ ಸೊಟ್ಟಗಾಗಿ ಉಳಿಯುವುದಿಲ್ಲ. ಮುರಿದರೆ ಗಾಜಿನಂತೆ ಮುರಿದೀತು, ಅಷ್ಟೆ. ಇದಕ್ಕೆ ಎರಡು ವರ್ಷ ಮುಂಚೆಯೇ, 1980ರಲ್ಲಿ, ಪೀಟರ್ಸನ್ ಒಂದೇ ಸಿಲಿಕಾನ್ ತುಂಡಿನಲ್ಲಿ ಕೆತ್ತಿದ, ತನ್ನ ಎರಡು ಸಣ್ಣ ತೋಳುಗಳ ಮೇಲೆ ಹೊರಳುವ ಕನ್ನಡಿ ಮಾಡಿ ತೋರಿಸಿದ್ದ. ಅದು ವಾಲುವ ಕನ್ನಡಿ, ಬಾಗುವ ಕನ್ನಡಿಯಲ್ಲ. ಆದರೆ ದಾರಿ ತೆರೆದಿತ್ತು.

ಕೆತ್ತುವುದು ಎಂದೆ. ಉಳಿಯಿಂದಲ್ಲ, ರಾಸಾಯನಿಕದಿಂದ. ಮಂಡ್ಯ ತಾಲ್ಲೂಕಿನ ಬಸರಾಳಿನ ಹೊಯ್ಸಳ ಗುಡಿಯ ಕಲ್ಲುಕುಟಿಗನಿಗೆ ಕಲ್ಲಿನ ಪದರು ಎತ್ತ ಇದೆ ಎಂಬ ಅರಿವು ಇರಲೇಬೇಕಿತ್ತು. ಸಿಲಿಕಾನ್ ಕೆತ್ತುವವರಿಗೂ ಹಾಗೇ. ಹರಳಿನೊಳಗೆ ಪರಮಾಣುಗಳು ಸಾಲಾಗಿ ಕೂತಿರುತ್ತವೆ. ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಬಿಸಿ ದ್ರಾವಣ ಒಂದು ದಿಕ್ಕಿನ ಮುಖವನ್ನು ಸರಸರ ತಿನ್ನುತ್ತದೆ. ಇನ್ನೊಂದು ದಿಕ್ಕಿನ ಮುಖವನ್ನು ಮುಟ್ಟಿಯೂ ಮುಟ್ಟದಂತೆ ಬಿಡುತ್ತದೆ. ಹೀಗಾಗಿ ಗುಂಡಿಯ ಗೋಡೆಗಳು ನೆಟ್ಟಗೆ ನಿಲ್ಲದೆ ಯಾವಾಗಲೂ 54.7 ಡಿಗ್ರಿ ಓರೆಯಲ್ಲೇ ಇಳಿಯುತ್ತವೆ. ಮೇಲುಕೋಟೆಯ ಕಲ್ಯಾಣಿ ಕೆಳಗೆ ಹೋದಂತೆ ಕಿರಿದಾಗುವುದಿಲ್ಲವೆ, ಹಾಗೆ. ಅರ್ಧ ಮಿಲಿಮೀಟರ್ ದಪ್ಪದ ಬಿಲ್ಲೆಯ ಆಚೆ ಬದಿಯಲ್ಲಿ 1 ಮಿಲಿಮೀಟರ್ ಪೊರೆ ಉಳಿಯಬೇಕಾದರೆ ಈಚೆ ಬದಿಯಲ್ಲಿ 1.7 ಮಿಲಿಮೀಟರ್ ಕಿಂಡಿ ತೆರೆಯಬೇಕು. ವಿನ್ಯಾಸಗಾರನ ಮೊದಲ ಲೆಕ್ಕವೇ ಇದು. ಬೇಡವೆಂದರೂ ಹರಳು ತನ್ನ ಓರೆಯನ್ನು ಬಿಡುವುದಿಲ್ಲ.

ಇನ್ನೊಂದು ವಿಧಾನ ನಮ್ಮ ಗಾರೆ ಕೆಲಸದವರಿಗೆ ಚೆನ್ನಾಗಿ ಗೊತ್ತಿರುವಂಥದು. ತಾರಸಿ ಹಾಕುವಾಗ ಮೊದಲು ಸೆಂಟ್ರಿಂಗ್ ಹಲಗೆ ಕಟ್ಟುತ್ತಾರೆ, ಮೇಲೆ ಕಾಂಕ್ರೀಟು ಸುರಿಯುತ್ತಾರೆ, ಗಟ್ಟಿಯಾದ ಮೇಲೆ ಹಲಗೆ ಬಿಚ್ಚುತ್ತಾರೆ. ಸಿಲಿಕಾನ್ ಬಿಲ್ಲೆಯ ಮೇಲೂ ಮೊದಲು ಒಂದು ತ್ಯಾಗದ ಪದರು ಹಾಸಿ, ಅದರ ಮೇಲೆ ಪೊರೆಯನ್ನು ಬೆಳೆಸಿ, ಕೊನೆಗೆ ಆಮ್ಲದಿಂದ ಕೆಳಪದರನ್ನು ಕರಗಿಸಿ ತೆಗೆದರೆ ಪೊರೆ ಗಾಳಿಯಲ್ಲಿ ನಿಲ್ಲುತ್ತದೆ. ಇದೇ ಜಿಲ್ಲೆಯ ನಾಗಮಂಗಲ ಲೋಹದ ವಿಗ್ರಹಗಳಿಗೆ ಹೆಸರಾದ ಊರು. ಮೇಣವನ್ನು ಕರಗಿಸಿ ಹೊರಹಾಕಿ ಮೂರ್ತಿ ಎರಕ ಹೊಯ್ಯುವ ಕಲೆಗೂ ಇದಕ್ಕೂ ಜಾತಿ ಒಂದೇ ಎನ್ನಿಸುತ್ತದೆ. ಒಂದು ವ್ಯತ್ಯಾಸವುಂಟು. ತಾರಸಿ ಹಲಗೆ ಬಿಚ್ಚುವಾಗ ನೀರು ನಿಂತರೆ ತೊಂದರೆಯಿಲ್ಲ. ಇಲ್ಲಿ ತೊಳೆದ ನೀರು ಆರುವಾಗ ಪೊರೆಯನ್ನು ತಳಕ್ಕೆ ಅಂಟಿಸಿಯೇಬಿಡುತ್ತದೆ. ಒದ್ದೆ ಕಾಗದ ಮೇಜಿಗೆ ಅಂಟಿದ ಹಾಗೆ.

ಪುಟ್ಟ ಕನ್ನಡಿಗಳನ್ನು ಓದುಗರು ಅರಿಯದೆಯೇ ನೋಡಿರುವ ಒಂದು ಜಾಗ ಸಿನಿಮಾ ಮಂದಿರ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಲಕ್ಷಗಟ್ಟಲೆ ಕಿರುಗನ್ನಡಿಗಳ ಚಿಪ್ಪಿಗೆ ರೂಪ ಕೊಟ್ಟ. ಚಿತ್ರದ ಒಂದೊಂದು ಚುಕ್ಕೆಗೂ ಒಂದೊಂದು ಕನ್ನಡಿ. ಅದು ಈ ಕಡೆ ವಾಲಿದರೆ ಪರದೆಯಲ್ಲಿ ಬೆಳಕು, ಆ ಕಡೆ ವಾಲಿದರೆ ಕತ್ತಲೆ. ಇಂದು ರೀಲಿಲ್ಲದೆ ಚಿತ್ರ ತೋರಿಸುವ ಎಷ್ಟೋ ಪ್ರೊಜೆಕ್ಟರುಗಳ ಒಳಗೆ ಇರುವುದು ಇದೇ. 2015ರಲ್ಲಿ ಹಾರ್ನ್‌ಬೆಕ್‌ಗೆ ಆಸ್ಕರ್ ಪ್ರಶಸ್ತಿ ಬಂತು. ನಟನೆಗಲ್ಲ, ಕನ್ನಡಿಗೆ! ಆದರೆ ಅವನ ಕನ್ನಡಿಗೆ ಹೌದು, ಅಲ್ಲ ಎಂಬ ಎರಡೇ ಮಾತು ಗೊತ್ತು. ‘ಇಷ್ಟು ಕುಗ್ಗು, ಇನ್ನೂ ಒಂದಿಷ್ಟು ಕುಗ್ಗು’ ಎಂದರೆ ಕೇಳುವ ಕನ್ನಡಿ ಇನ್ನೂ ನಾಜೂಕಿನದು.

ಅಂಥದ್ದನ್ನು 1995ರಲ್ಲಿ ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಗ್ಲೆಬ್ ವ್ಡೋವಿನ್ ಮತ್ತು ಲೀನಾ ಸಾರೋ ಪ್ರಕಟಿಸಿದರು. ಸಿಲಿಕಾನ್ ಬಿಲ್ಲೆಯನ್ನು ಹಿಂದಿನಿಂದ ಕೊರೆದು, ಎದುರಿಗೆ ಸಿಲಿಕಾನ್ ನೈಟ್ರೈಡಿನ ತೆಳು ಪೊರೆಯನ್ನಷ್ಟೇ ಉಳಿಸಿ, ಹೊಳೆಯಲೆಂದು ಅಲ್ಯೂಮಿನಿಯಂ ಬಳಿದರು. ಪೊರೆಯ ಬೆನ್ನಿಗೆ ಸ್ವಲ್ಪ ಅಂತರದಲ್ಲಿ ಎಲೆಕ್ಟ್ರೋಡುಗಳ ಹಲಗೆ ಇಟ್ಟರು. ವಿದ್ಯುತ್ ಒತ್ತಡ ಕೊಟ್ಟಾಗ ಪೊರೆ ಆ ಕಡೆಗೆ ಸೆಳೆಯಲ್ಪಡುತ್ತದೆ. ಬಾಚಣಿಗೆಯನ್ನು ಒಣಗೂದಲಿಗೆ ತಿಕ್ಕಿ ಕಾಗದದ ಚೂರು ಎತ್ತುವುದಿಲ್ಲವೆ, ಅದೇ ಬಲ. ನೂರಿನ್ನೂರು ವೋಲ್ಟು ಎಂದರೆ ಹೆದರಿಕೆಯಾಗಬಹುದು. ಆದರೆ ಇಲ್ಲಿ ಹರಿಯುವ ವಿದ್ಯುತ್ತು ಇಲ್ಲವೆನ್ನುವಷ್ಟು ಕಡಿಮೆ. ಕನ್ನಡಿ ಬಾಗಿಕೊಂಡೇ ನಿಂತಿರಲು ಖರ್ಚು ಏನೂ ಇಲ್ಲವೆಂದರೂ ನಡೆದೀತು.

ಮುಂದೆ 2001ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯ ವಿಶ್ವವಿದ್ಯಾಲಯದ ಡೇವಿಡ್ ಡಿಕನ್‌ಶೀಟ್ಸ್ ತಂಡ ಇಂಥ ಪೊರೆಯನ್ನು ಸಂಗಮದೂರ ಬದಲಿಸುವುದಕ್ಕೆಂದೇ ಕಿರಿದುಗೊಳಿಸಿತು. ಇಲ್ಲಿ ವಿನ್ಯಾಸದ ಕೀಟಲೆಗಳು ಒಂದೊಂದಾಗಿ ಎದುರಾಗುತ್ತವೆ, ಅವುಗಳಲ್ಲೇ ವಿಷಯದ ಸೊಗಸೂ ಇದೆ. ಮೊದಲನೆಯದಾಗಿ, ಈ ಬಲ ಸೆಳೆಯುತ್ತದೆಯೇ ಹೊರತು ತಳ್ಳುವುದಿಲ್ಲ. ಹಾಗಾಗಿ ಕನ್ನಡಿ ಹೊಟ್ಟೆ ಒಳಕ್ಕೆಳೆದುಕೊಳ್ಳಬಲ್ಲದು, ಉಬ್ಬಿಸಲಾರದು. ಎರಡನೆಯದು ಇನ್ನೂ ತಂಟೆಯದು. ಪೊರೆ ಹತ್ತಿರ ಬಂದಷ್ಟೂ ಸೆಳೆತ ಜಾಸ್ತಿಯಾಗುತ್ತದೆ, ಜಾಸ್ತಿಯಾದಷ್ಟೂ ಇನ್ನೂ ಹತ್ತಿರ ಬರುತ್ತದೆ. ಸರಳ ಲೆಕ್ಕದಲ್ಲಿ, ನಡುವಿನ ಅಂತರದ ಮೂರನೆಯ ಒಂದು ಪಾಲು ದಾಟಿದರೆ ಅದು ಕೈಮೀರಿ ಟಪ್ಪನೆ ತಳಕ್ಕೆ ಬಡಿಯುತ್ತದೆ. ಆದ್ದರಿಂದ 2 ಮೈಕ್ರೊಮೀಟರ್ ಬಾಗಬೇಕಾದರೆ ಅಂತರ 6ಕ್ಕಿಂತ ಹೆಚ್ಚಿರಬೇಕು. ಅಂತರ ಹೆಚ್ಚಿಸಿದರೆ ಬಲ ಕುಗ್ಗುತ್ತದೆ, ವೋಲ್ಟು ಏರಿಸಬೇಕು. ವೋಲ್ಟು ತಗ್ಗಿಸಲು ಪೊರೆಯ ಬಿಗಿ ಸಡಿಲಿಸಿದರೆ ಅದು ಸುಕ್ಕಾದೀತು, ಮತ್ತೆ ಮೊದಲಿನ ಸ್ಥಿತಿಗೆ ಬರಲು ನಿಧಾನಿಸೀತು. ಸೊಸೆಗೂ ಅತ್ತೆಗೂ ಸರಿಹೋಗುವ ಅಡುಗೆ ಮಾಡಿದ ಹಾಗೆ.

ಇನ್ನೂ ಇದೆ. ಪೊರೆಯ ನಡುಭಾಗ ಎಲೆಕ್ಟ್ರೋಡಿಗೆ ಹತ್ತಿರ ಬರುವುದರಿಂದ ಅಲ್ಲೇ ಸೆಳೆತ ಹೆಚ್ಚಾಗಿ ಕನ್ನಡಿ ನಡುವೆ ಚೂಪಾಗುತ್ತದೆ. ಕಿರಣಗಳು ಒಂದೇ ಕಡೆ ಕೂಡದೆ ಹಿಂದೆ ಮುಂದೆ ಚೆದುರುತ್ತವೆ. ಅದಕ್ಕೆ ಎಲೆಕ್ಟ್ರೋಡನ್ನು ಒಂದರ ಸುತ್ತ ಒಂದು ಬಳೆಗಳಂತೆ ವಿಂಗಡಿಸಿ, ಹೊರಬಳೆಗೆ ತುಸು ಹೆಚ್ಚು ವೋಲ್ಟು ಕೊಟ್ಟು ಆಕಾರ ತಿದ್ದುತ್ತಾರೆ. ಬೆಳಕು ನೇರವಾಗಿ ಬೀಳದೆ 45 ಡಿಗ್ರಿ ಓರೆಯಲ್ಲಿ ಬಿದ್ದರೆ ದುಂಡು ಕನ್ನಡಿ ಕೆಲಸಕ್ಕೆ ಬಾರದು. ಆಗ ಪೊರೆಯನ್ನು ಮೊಟ್ಟೆಯಾಕಾರಕ್ಕೆ, ಅಗಲದ 1.41ರಷ್ಟು ಉದ್ದಕ್ಕೆ ಮಾಡಿದರೆ ಉದ್ದಕ್ಕೂ ಅಡ್ಡಕ್ಕೂ ಬೇರೆ ಬೇರೆ ಬಾಗು ತಾನಾಗಿ ಬಂದು ದೋಷ ತೀರುತ್ತದೆ. ಒಂದು ಅಂಚಿನ ಆಕಾರ ಬದಲಿಸಿ ಬೆಳಕಿನ ತಪ್ಪು ತಿದ್ದುವ ಈ ಜಾಣತನ ನನಗಂತೂ ಬಲು ಮೆಚ್ಚಿಗೆಯಾಯಿತು.

ಇಷ್ಟೆಲ್ಲ ಪಾಡು ಯಾತಕ್ಕೆ? ಕೈಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆ ನಮ್ಮಲ್ಲಿದೆ. ಬಾಯಿಹುಣ್ಣಿಗೆ ಬೇಕು. ಎಲೆಅಡಿಕೆಯ ಜೊತೆ ಕಡ್ಡಿಪುಡಿ ಹಾಕುವವರು, ಗುಟ್ಕಾ ಒತ್ತರಿಸಿಕೊಳ್ಳುವವರು ಮಂಡ್ಯ ಸೀಮೆಯಲ್ಲೂ ಕಡಿಮೆಯಿಲ್ಲ. 2020ರ ಅಂದಾಜಿನಂತೆ ಜಗತ್ತಿನಲ್ಲಿ ಹೊಸದಾಗಿ ಬಾಯಿ ಕ್ಯಾನ್ಸರ್ ಕಂಡವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಭಾರತದವರು. ಕೆನ್ನೆಯ ಒಳಗೆ ಬಿಳಿ ಮಚ್ಚೆಯೊಂದು ಕಂಡಾಗ ಅದು ಕೇಡಿನದೋ ಅಲ್ಲವೋ ತಿಳಿಯಲು ವೈದ್ಯರು ಚೂರು ಮಾಂಸ ಕತ್ತರಿಸಿ ಪರೀಕ್ಷೆಗೆ ಕಳಿಸುತ್ತಾರೆ. ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕು. ನಡುವೆ ಕೂಲಿ ಕಳೆದುಕೊಂಡು ಮತ್ತೆ ಬಾರದ ರೋಗಿಗಳು ಎಷ್ಟೋ.

ಕತ್ತರಿಸದೆ ನೋಡುವ ಉಪಾಯದ ಮೂಲ ಮಾರ್ವಿನ್ ಮಿನ್‌ಸ್ಕಿ 1957ರಲ್ಲಿ ಪೇಟೆಂಟಿಗೆ ಸಲ್ಲಿಸಿದ ಒಂದು ಸೂಕ್ಷ್ಮದರ್ಶಕ. ಅದು ಸಂಗಮದಲ್ಲಿರುವ ಪದರಿನಿಂದ ಬರುವ ಬೆಳಕನ್ನು ಮಾತ್ರ ಒಂದು ಸೂಜಿತೂತಿನ ಮೂಲಕ ಒಳಬಿಟ್ಟು, ಮೇಲಿನ ಕೆಳಗಿನ ಮಬ್ಬನ್ನು ತಡೆಯುತ್ತದೆ. ಈರುಳ್ಳಿ ಸುಲಿಯದೆಯೇ ಅದರ ಮೂರನೆಯ ಪೊರೆಯನ್ನು ನೋಡಿದಂತೆ. ಬಾಯಿಯ ಒಳಪೊರೆಯಲ್ಲಿ ಕೆಡುಕು ಶುರುವಾಗುವುದು ಹೆಚ್ಚಾಗಿ ಅದರ ತಳದ ಪದರಿನಲ್ಲಿ, ಮೇಲಿನಿಂದ ಕಾಲು ಮಿಲಿಮೀಟರಿನ ಆಸುಪಾಸಿನ ಆಳದಲ್ಲಿ. ಅಲ್ಲಿಯವರೆಗೂ ಪದರು ಪದರಾಗಿ ಸಂಗಮವನ್ನು ಇಳಿಸಬೇಕು. ಪೆನ್ಸಿಲಿನಷ್ಟು ದಪ್ಪದ ಕೊಳವೆಯೊಳಗೆ ಮಸೂರ ಸರಿಸುವ ಮೋಟಾರಿಗೆ ಜಾಗವಿಲ್ಲ; ಆಸ್ಪತ್ರೆಗೆ ಬಂದಿರುವ ಇಂಥ ಕೆಲವು ಉಪಕರಣಗಳಲ್ಲಿ ನೋಡುವ ಆಳ ಒಂದೇ, ಮೊದಲೇ ನಿಗದಿಯಾದದ್ದು. ಹೊಟ್ಟೆ ಒಳಕ್ಕೆಳೆದುಕೊಳ್ಳುವ ಕನ್ನಡಿಗೆ ಕೆಲಸ ಇರುವುದು ಇಲ್ಲಿಯೇ. ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ಅದು ಬಾಗಿ ಮರಳಬಲ್ಲದು. ರೋಗಿ ಉಗುಳು ನುಂಗುವಷ್ಟರಲ್ಲಿ ಎಷ್ಟೋ ಆಳಗಳನ್ನು ನೋಡಿ ಮುಗಿಸಬಹುದು. ಈ ಕೆಲಸ ಬಹುಪಾಲು ಇನ್ನೂ ಪ್ರಯೋಗಾಲಯದಲ್ಲಿದೆ.

ನಮ್ಮ ನಾಡಿಗೂ ಇದಕ್ಕೂ ಏನು ನಂಟು? ಸ್ವಲ್ಪ ಹಿಂದಕ್ಕೆ ಹೋಗಬೇಕು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ, ನಮ್ಮ ಜನ ಬ್ಲಫ್ ಎನ್ನುವಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಹೂಡಿದ ಯೋಜನೆಯಿಂದ 1902ರಲ್ಲಿ ವಿದ್ಯುತ್ತು ಹೊರಟು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. 1911ರಲ್ಲಿ ಅಲ್ಲಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಪಾಠ ಶುರು ಮಾಡಿದಾಗ ಇದ್ದ ಬೆರಳೆಣಿಕೆಯ ವಿಭಾಗಗಳಲ್ಲಿ ವಿದ್ಯುತ್ ತಂತ್ರಜ್ಞಾನವೂ ಒಂದು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಅರವತ್ತರ ದಶಕದಲ್ಲಿ ಟ್ರಾನ್ಸಿಸ್ಟರುಗಳನ್ನು ತಯಾರಿಸಲಾರಂಭಿಸಿತು. ಬಿಲ್ಲೆಯ ಮೇಲೆ ಕೆತ್ತುವ ಕೈಚಳಕ ಬೆಂಗಳೂರಿಗೆ ಬಂದ ಬಗೆ ಹೀಗೆ.

ಬಾಗುವ, ಅಲುಗುವ ಸಿಲಿಕಾನಿನ ಸರದಿ ಬಂದದ್ದು ತಡವಾಗಿ. ರಕ್ಷಣಾ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದ ವಾಸುದೇವ ಕೆ. ಆತ್ರೆಯವರ ಮುಂದಾಳತನದ ರಾಷ್ಟ್ರೀಯ ಕಾರ್ಯಕ್ರಮಗಳು 2000ದ ನಂತರ ದೇಶದ ಹಲವೆಡೆ ಈ ವಿದ್ಯೆಗೆ ಹಣ, ಸಲಕರಣೆ ಒದಗಿಸಿದವು. ವಿಜ್ಞಾನ ಸಂಸ್ಥೆಯ ಕೆ. ಎನ್. ಭಟ್ ಸಿಲಿಕಾನ್ ಪೊರೆಯಿಂದ ಒತ್ತಡ ಅಳೆಯುವ ಸಾಧನಗಳನ್ನು ಮಾಡಿದರು. ಅಲ್ಲೂ ಬಾಗುವುದು ಪೊರೆಯೇ, ಬೆಳಕಿನ ಬದಲು ಒತ್ತಡ ಓದುತ್ತಾರೆ ಅಷ್ಟೆ. ಜಿ. ಕೆ. ಅನಂತಸುರೇಶ್ ಕೀಲಿಲ್ಲದೆ ಬರೀ ಬಾಗುವಿಕೆಯಿಂದಲೇ ಚಲಿಸುವ ಯಂತ್ರಗಳ ಲೆಕ್ಕಾಚಾರದಲ್ಲಿ ಹೆಸರು ಮಾಡಿದವರು. ಇವರಿಬ್ಬರೂ ಆತ್ರೆ ಮೊದಲಾದವರೊಡನೆ ಸೇರಿ ಈ ವಿದ್ಯೆಗೆ ಪಠ್ಯಪುಸ್ತಕವನ್ನೂ ಬರೆದರು. 2010ರಲ್ಲಿ ಅದೇ ಆವರಣದಲ್ಲಿ ನ್ಯಾನೊ ವಿಜ್ಞಾನ ಕೇಂದ್ರ ರೂಪುಗೊಂಡಿತು. ಹೊರಗಿನ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ವಿನ್ಯಾಸ ಒಪ್ಪಿಗೆಯಾದರೆ ಅಲ್ಲಿನ ಧೂಳಿಲ್ಲದ ಕೋಣೆಯಲ್ಲಿ ಕೆಲಸ ಕಲಿಯಲು ಸರ್ಕಾರದ ಯೋಜನೆಯೊಂದು 2008ರಿಂದಲೇ ಇದೆ. ಮಂಡ್ಯದಲ್ಲಿ 1962ರಿಂದ ಎಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿಂದ ಆ ಕೋಣೆಗೆ ರೈಲಿನಲ್ಲಿ ಹೋದರೂ ಅರ್ಧ ದಿನದ ದಾರಿ.

ದೊಡ್ಡ ಕನ್ನಡಿಯಲ್ಲಿ ಕನ್ನಡನಾಡು ಹಿಂದೆ ಬಿದ್ದಿಲ್ಲ. ಕಾವಲೂರಿನಲ್ಲಿರುವ 2.34 ಮೀಟರ್ ದೂರದರ್ಶಕದ ಕನ್ನಡಿಯನ್ನು ಉಜ್ಜಿದ್ದು ಬೆಂಗಳೂರಿನಲ್ಲಿ. 492 ತುಂಡುಗಳ, 30 ಮೀಟರಿನ ಯೋಜಿತ ದೂರದರ್ಶಕಕ್ಕೆ ಭಾರತದ ಪಾಲಿನ ತುಂಡುಗಳನ್ನು ಉಜ್ಜುವ ಘಟಕ ಹೊಸಕೋಟೆಯಲ್ಲಿದೆ. ಬಾಗುವ ಕಿರುಗನ್ನಡಿಯ ಮಾರುಕಟ್ಟೆಯಲ್ಲಿ ಮಾತ್ರ ಮೊದಲು ಕೇಳಿಬರುವ ಹೆಸರುಗಳು ನೆದರ್‌ಲ್ಯಾಂಡ್ಸ್ ಮತ್ತು ಅಮೆರಿಕದ ಸಂಸ್ಥೆಗಳವು. ಅವರ ಹೆಚ್ಚಿನ ಗಿರಾಕಿಗಳು ಖಗೋಳಜ್ಞರು, ಲೇಸರ್ ಪ್ರಯೋಗಾಲಯಗಳು. ಅಲ್ಲಿ ಒಂದು ಕನ್ನಡಿಗೆ ಹೆಚ್ಚು ಬೆಲೆ ತೆರುವವರಿದ್ದಾರೆ.

ತಾಲ್ಲೂಕು ಆಸ್ಪತ್ರೆಯ ಲೆಕ್ಕ ಬೇರೆ. 6 ಅಂಗುಲದ ಒಂದು ಬಿಲ್ಲೆಯಲ್ಲಿ 5 ಮಿಲಿಮೀಟರ್ ಚೌಕದ ಕನ್ನಡಿಗಳು ಅಂಚಿನವನ್ನು ಬಿಟ್ಟರೂ ಸುಮಾರು 600 ಸಿಗುತ್ತವೆ. ಎಲ್ಲವೂ ಒಟ್ಟಿಗೇ, ಒಂದೇ ಸಲದ ಕೆತ್ತನೆಯಲ್ಲಿ. ಪೊರೆ ಮಾಡುವುದಕ್ಕಿಂತ ಕಷ್ಟದ ಕೆಲಸ ಆಮೇಲಿನದು: ಬಿಲ್ಲೆಯನ್ನು ಕತ್ತರಿಸುವಾಗ ಏಳುವ ಪುಡಿ ಪೊರೆಗೆ ತಾಗಬಾರದು, ತಂತಿ ಬೆಸೆಯಬೇಕು, ಕೊಳವೆಯ ತುದಿಯಲ್ಲಿ ಕೂರಿಸಿ ಉಗುಳು ತಾಗದಂತೆ ಗಾಜು ಮುಚ್ಚಬೇಕು, ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೆ ಹೋಗುವ ನಡುವೆ ಅದನ್ನು ತೊಳೆಯಲು ಬರಬೇಕು.